ಎಂಟು ಮಳೆಗಾಲ ಕಂಡ ನಮ್ಮ ವಾಷಿಂಗ್ ಮೆಷಿನ್

ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವೆ ನಮ್ಮ ಮನೆ. 2017ರಲ್ಲಿ ತಗೊಂಡ 7 ಕಿಲೋದ ಫ್ರಂಟ್ ಲೋಡ್ ಮೆಷಿನ್ ಇನ್ನೂ ಓಡುತ್ತಿದೆ. ಕಂಪನಿ ಹೆಸರು ಬರೆಯುವುದಿಲ್ಲ, ಯಾಕಂದರೆ ಇಷ್ಟು ವರ್ಷದಲ್ಲಿ ಬಂದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಮೆಷಿನಿನದ್ದಲ್ಲ, ನಮ್ಮ ನೀರಿನದ್ದು ಮತ್ತು ನಮ್ಮ ಜೇಬುಗಳದ್ದು.

ನಮಗೆ ಸುರಂಗದ ನೀರು, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದಿಂದ ಒಸರುವ ನೀರು. ಗುಡ್ಡದಿಂದ ತಾನಾಗಿಯೇ ಇಳಿದು ಟ್ಯಾಂಕಿಗೆ ಬರುತ್ತದೆ, ಕುಡಿಯಲು ಬಹಳ ಒಳ್ಳೆಯದು, ಆದರೆ ಮಳೆ ಜೋರಾದರೆ ನಯವಾದ ಹೊಯಿಗೆಯೂ (ಮರಳು) ಜೊತೆಗೆ ಬರುತ್ತದೆ. ಎರಡನೇ ವರ್ಷ ಆಟಿ ತಿಂಗಳ (ಜುಲೈ-ಆಗಸ್ಟ್) ಜೋರು ಮಳೆಯಲ್ಲಿ ಮೆಷಿನ್ ನೀರೇ ಎಳೆಯಲಿಲ್ಲ. ಗುಂಯ್ ಅನ್ನುತ್ತದೆ, ನಿಲ್ಲುತ್ತದೆ. ಸರ್ವಿಸಿನವರಿಗಾಗಿ ನಾಲ್ಕು ದಿನ ಕಾದೆವು. ಬಂದ ಹುಡುಗ ಹಿಂದಿನ ಪೈಪ್ ಬಿಚ್ಚಿ, ಅದು ಕೂರುವ ಜಾಗದಿಂದ ಹೆಬ್ಬೆರಳಿನಷ್ಟು ಜಾಲರಿಯೊಂದನ್ನು ಇಕ್ಕಳದಲ್ಲಿ ಎಳೆದು, ನಮ್ಮದೇ ಹಳೆ ಹಲ್ಲುಜ್ಜುವ ಬ್ರಷ್ ಕೇಳಿ ತಿಕ್ಕಿ, ಮತ್ತೆ ಸಿಕ್ಕಿಸಿ 450 ರೂಪಾಯಿ ತಗೊಂಡು ಹೋದ. ಐದು ನಿಮಿಷದ ಕೆಲಸ! ಈಗ ಪ್ಲಗ್ ಕಿತ್ತು, ನಲ್ಲಿ ಮುಚ್ಚಿ ನಾನೇ ಮಾಡುತ್ತೇನೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಜಾಲರಿ ಚೊಕ್ಕ ಇದ್ದೂ ನೀರು ಸಣ್ಣಗೆ ಬಂದರೆ ಟ್ಯಾಂಕಿನ ಎತ್ತರ ನೋಡಿ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ನಮ್ಮ ಟ್ಯಾಂಕ್ ಬರೀ 3 ಮೀಟರ್ ಮೇಲಿತ್ತು, ಲೆಕ್ಕ ನೀವೇ ಹಾಕಿ. ಗುಡ್ಡದ ಕಡೆ ಮೇಲಕ್ಕೆ ಸರಿಸಿದ ಮೇಲೆ ಸರಿಯಾಯಿತು.

ನೀರು ಹೊರಗೆ ಹೋಗದಿದ್ದರೆ ಕೆಳಗೆ ಮೂಲೆಯಲ್ಲಿರುವ ಫಿಲ್ಟರ್ ತಿರುಗಿಸಿ ತೆಗೆಯಿರಿ. ನಮ್ಮಲ್ಲಿ ಸಿಕ್ಕಿದ್ದು: ಎರಡು ರೂಪಾಯಿ ನಾಣ್ಯ, ಸೇಫ್ಟಿ ಪಿನ್, ಮಾವನವರ ಜೇಬಿನ ಅಡಿಕೆ ಹೋಳು, ಬೈರಾಸಿನ (ಟವೆಲಿನ) ನೂಲು. ಮುಂದೆ ಅಗಲ ಪಾತ್ರೆ ಇಡಲು ಮಾತ್ರ ಮರೆಯಬೇಡಿ, ಮೊದಲ ಸಲ ನಾನು ಮರೆತು ಅಡಿಗೆಕೋಣೆಯವರೆಗೆ ಹೊಳೆ ಹರಿಸಿದ್ದೆ. ಬಿಸಿನೀರಲ್ಲಿ ಒಗೆದಿದ್ದರೆ ತಣಿಯಲು ಬಿಡಿ.

ಸ್ಪಿನ್ ಆಗುವಾಗ ಕುಣಿತವೇ? ನಾಲ್ಕು ಕಾಲೂ ನೆಲಕ್ಕೆ ಕೂತಿವೆಯಾ ನೋಡಿ. ಒಂದೇ ದಪ್ಪ ಬೆಡ್‌ಶೀಟ್ ಹಾಕಿದರೂ ಭಾರ ಒಂದು ಕಡೆಗೆ ವಾಲಿ ಹಾಗಾಗುತ್ತದೆ. ಪಕ್ಕದ ಮನೆಯ ಅಕ್ಕನ ಹೊಸ ಮೆಷಿನ್ ಬಚ್ಚಲಿಂದ ಹೊರಟು ಬಾಗಿಲವರೆಗೆ ಬಂದಿತ್ತು. ಸಾಗಾಟದಲ್ಲಿ ಡ್ರಮ್ ಅಲ್ಲಾಡದಂತೆ ಮೆಷಿನಿನ ಹಿಂಬದಿಗೆ ಹಾಕಿದ ಬೋಲ್ಟ್ ಯಾರೂ ಬಿಚ್ಚಿರಲಿಲ್ಲ.

ಏಪ್ರಿಲ್‌ನಲ್ಲಿ ಸುರಂಗ ಬತ್ತಿದರೆ ಬೋರ್‌ವೆಲ್ ನೀರು. ಕಬ್ಬಿಣದ ಅಂಶ ಜಾಸ್ತಿ, ಬಿಳಿ ಮುಂಡುಗಳೆಲ್ಲ (ಪಂಚೆ) ಕೆಂಪು ಕೆಂಪು. ಬ್ಲೀಚ್ ಹಾಕಿದೆ, ಕಲೆ ಇನ್ನೂ ಗಟ್ಟಿಯಾಯಿತು. ಅದಕ್ಕೆ ಸಿಟ್ರಿಕ್ ಆಸಿಡ್ ಪುಡಿಯೇ ಬೇಕು, ಆದರೆ ಬ್ಲೀಚ್ ಜೊತೆ ಸೇರಿಸಲೇಬಾರದು, ವಿಷಗಾಳಿ ಏಳುತ್ತದೆ. ಅಡಿಕೆ ಚೊಗರಿನ ಕಲೆ ಮಾತ್ರ ಇಷ್ಟು ವರ್ಷವಾದರೂ ಹೋಗಿಲ್ಲ. ಆ ಅಂಗಿಗಳಿಗೆ ತೋಟವೇ ಗತಿ.

ವಾಸನೆಗೆ ಮದ್ದು ಸುಲಭ: ಒಗೆದ ಮೇಲೆ ಬಾಗಿಲು ತೆರೆದಿಡಿ, ರಬ್ಬರಿನ ಮಡಿಕೆ ಒರೆಸಿ, ಸೋಪಿನ ಪುಡಿ ಕಡಿಮೆ ಮಾಡಿ.

ಕರೆಂಟಿನ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಒಮ್ಮೆ ಇಲಿ ಅಡಿಯಿಂದ ನುಗ್ಗಿ ವಯರ್ ಕಡಿದಿತ್ತು, ಮೆಕ್ಯಾನಿಕ್‌ನನ್ನೇ ಕರೆಸಿದೆವು. ಈಗ ಸ್ಪಿನ್‌ನಲ್ಲಿ ಲಾರಿಯ ಹಾಗೆ ಸದ್ದು, ಡ್ರಮ್ ಕೈಯಲ್ಲಿ ಎತ್ತಿದರೆ ಅಲ್ಲಾಡುತ್ತದೆ. ಬೇರಿಂಗ್ ಹೋಗಿದೆಯಂತೆ. ನಮ್ಮ ಮಾಡೆಲ್‌ನಲ್ಲಿ ಟಬ್ ಬಿಚ್ಚಲಾಗದಂತೆ ಅಂಟಿಸಿಯೇ ಬಂದಿರುವುದರಿಂದ ಬೇರಿಂಗ್ ಮಾತ್ರವಲ್ಲ, ಟಬ್ಬನ್ನೇ ಪೂರ್ತಿ ಬದಲಿಸಬೇಕು ಅನ್ನುತ್ತಾರೆ. ಇದೊಂದಕ್ಕೆ ಕಂಪನಿಯನ್ನು ಬೈಯಬಹುದು. ಅತ್ತೆ ಮಾತ್ರ, "ಸದ್ದು ಮಾಡಿದರೆ ಮಾಡಲಿ, ಒಗೆಯುತ್ತದಲ್ವಾ?" ಅನ್ನುತ್ತಿದ್ದಾರೆ.