ಶಿವಮೊಗ್ಗ–ತಾಳಗುಪ್ಪ ರೈಲು: ಹಳಿ ಇದೆ, ಗಾಡಿ ಸಾಲಲ್ಲ

ಕಣ್ಣಿನ ಡಾಕ್ಟರಿಗೆ ತೋರಿಸಲು ಅಮ್ಮನನ್ನು ಸಾಗರದಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಬಸ್ಸಾದರೆ ಆನಂದಪುರ ದಾಟುವಷ್ಟರಲ್ಲಿ ಅವಳಿಗೆ ವಾಂತಿ, ಹಾಗಾಗಿ ರೈಲು. ಹೋಗುವಾಗ, ಬರುವಾಗ ಎರಡೂ ಸಲ ಅಮ್ಮ ನಿದ್ದೆ ಹೊಡೆದಳು. ಟಿಕೆಟ್ಟೂ ಬಸ್ಸಿಗಿಂತ ಕಡಿಮೆ. ಎದುರು ಸೀಟಿನ ಕೆಳಗೆ ಯಾರದೋ ಕಳಲೆ ಚೀಲ, ಅರಸಾಳು ಬರುವವರೆಗೂ ಅದರದ್ದೇ ವಾಸನೆ. ಮಳೆಗಾಲದಲ್ಲಿ ಅಲ್ಲಿನ ಕಾಡು ನೋಡೋಕಾದರೂ ಒಮ್ಮೆ ಹೋಗಿ.

ಕೊರತೆ ಒಂದೇ, ಗಾಡಿ ಕಡಿಮೆ. ಗಾಡಿ ಕಡಿಮೆ ಅಂತ ಜನ ಬರಲ್ಲ, ಜನ ಬರಲ್ಲ ಅಂತ ಗಾಡಿ ಹಾಕಲ್ಲ. ಮೀಟರ್ ಗೇಜ್, ಅಂದರೆ ಹಳೆಯ ಕಿರಿದಾದ ಹಳಿ ಇದ್ದಾಗ ಇಲ್ಲಿ ರೈಲ್‌ಬಸ್ ಓಡುತ್ತಿತ್ತು, ನೆನಪಿದೆಯಾ? ಬಸ್ಸಿನಂಥದ್ದೇ ಪುಟ್ಟ ಗಾಡಿ, ಹಳಿ ಮೇಲೆ. 2011ರಲ್ಲಿ ತಾಳಗುಪ್ಪದವರೆಗೆ ಅಗಲ ಹಳಿ (ಬ್ರಾಡ್ ಗೇಜ್) ಆಯಿತು, ಬೆಂಗಳೂರು, ಮೈಸೂರಿಗೆ ನೇರ ರೈಲು ಬಂತು, ಖುಷಿಯೇ. ಆದರೆ ಕುಂಸಿಯಿಂದ ಸಾಗರಕ್ಕೆ ದಿನಾ ಓಡಾಡುವವರಿಗೆ ಆ ಉದ್ದದ ಗಾಡಿ ಯಾಕೆ, ಎರಡು ಗಂಟೆಗೊಂದು ಮೂರು ಬೋಗಿಯ ರೈಲು ಸಾಕು, ಅಲ್ವಾ?

ದುಡ್ಡು ಎಲ್ಲಿಂದ ಅಂತೀರಾ? ಬೆಂಗಳೂರಿನ 148 ಕಿ.ಮೀ. ಸಬರ್ಬನ್ ರೈಲಿಗೆ 2020ರಲ್ಲಿ ಮಂಜೂರಾಗಿದ್ದು 15,767 ಕೋಟಿ. ಕೇಂದ್ರದ್ದು 20 ಪರ್ಸೆಂಟ್, ರಾಜ್ಯದ್ದು 20, ಉಳಿದ 60 ಸಾಲ. ಅಷ್ಟು ನಮಗೆ ಯಾರೂ ಕೊಡಲ್ಲ, ಬೇಕಾಗಿಯೂ ಇಲ್ಲ. ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಹೊಸ ಲೈನಿಗೆ ಅರ್ಧ ಖರ್ಚು ರಾಜ್ಯದ್ದು, ಜಾಗವನ್ನೂ ರಾಜ್ಯವೇ ಕೊಡಬೇಕು. ಹೊಸ ಲೈನ್ ಅಂದರೆ ಹಾಗೇ, ಗದ್ದೆ, ತೋಟ, ಸರ್ವೆ ಅಂತ ವರ್ಷಗಟ್ಟಲೆ ಎಳೆಯುತ್ತದೆ. ತಾಳಗುಪ್ಪಕ್ಕೆ ಆ ರಗಳೆ ಇಲ್ಲ, ಹಳಿ ಹಾಕಿ ಆಗಿದೆ. ಒಂಟಿ ಹಳಿ, ಅಷ್ಟೇ. ಎದುರು ಗಾಡಿಗೆ ದಾರಿ ಬಿಡಲು ಇನ್ನೊಂದೆರಡು ಕಡೆ ಕ್ರಾಸಿಂಗ್ ಲೈನ್ ಹಾಕಿ, ಬೋಗಿ ಕೊಟ್ಟು, ಮೊದಲ ಎರಡು ಮೂರು ವರ್ಷದ ನಷ್ಟ ರಾಜ್ಯ ಹೊತ್ತುಕೊಂಡರೆ ಸಾಕು ಅಂತ ನನ್ನ ಲೆಕ್ಕ.

ಐದಕ್ಕೆ ಮೂರೂವರೆ ಕೊಡ್ತೀನಿ. ಜೋಗ ನೋಡಲು ತಾಳಗುಪ್ಪದವರೆಗೆ ಹೋಗುವವರಿಗೆ ಒಂದು ಮಾತು: ಇಳಿಯುವ ಮೊದಲೇ ಅಲ್ಲಿಂದ ಜೋಗಕ್ಕೆ ಹೋಗಲು ಬಸ್ಸೋ ಆಟೋನೋ ನೋಡಿಕೊಳ್ಳಿ. ಹೋದ ಸಲ ನನಗೆ ಸಿಕ್ಕ ಆಟೋದವನು ಕೇಳಿದ ದುಡ್ಡಲ್ಲಿ ನಾವು ಮೂವರೂ ಶಿವಮೊಗ್ಗಕ್ಕೆ ಹೋಗಿ ಬರಬಹುದಿತ್ತು. ಚೌಕಾಸಿ ಮಾಡಿದೆ, ಐವತ್ತು ರೂಪಾಯಿ ಇಳಿಸಿದ.