ಆಗುಂಬೆ ಘಾಟಿಗೆ ಒಪ್ಪುವ ಡಿಫರೆನ್ಷಿಯಲ್

ನನ್ನ ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿಗೆ ಕ್ವೈಫ್ ಕಂಪನಿಯ ಎಟಿಬಿ ಡಿಫರೆನ್ಷಿಯಲ್ ಹಾಕಿಸಿದೆ. ಡಿಫರೆನ್ಷಿಯಲ್ ಅಂದರೆ ಎಂಜಿನ್ ಬಲವನ್ನು ಎರಡೂ ಕಡೆಯ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತುವಾಗ ತಿರುವಿನಲ್ಲಿ ಒಳಗಿನ ಚಕ್ರ ಸುಮ್ನೆ ಗಿರ್ರನೆ ತಿರುಗುತ್ತಿತ್ತು. ಈಗ ಹೊರಗಿನ ಚಕ್ರಕ್ಕೆ ಜಾಸ್ತಿ ಬಲ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಕಾರಿನ ಮೂತಿ ತಿರುವಿನ ಒಳಕ್ಕೇ ಎಳೆಯುತ್ತದೆ. ಸ್ಟೇರಿಂಗ್ ಮಾತ್ರ ಗಟ್ಟಿಯಾಗಿ ಹಿಡಿಯಬೇಕು.

ಕ್ಲಚ್ ಪ್ಲೇಟ್ ಇರುವಂಥ ಡಿಫರೆನ್ಷಿಯಲ್ ನನಗೆ ಬೇಡವಾಗಿತ್ತು. ಪ್ಲೇಟ್ ಸವೆಯುತ್ತವೆ, ಆಯಿಲ್ ಪದೇ ಪದೇ ಬದಲಿಸಬೇಕು. ಇದರಲ್ಲಿ ಬರೀ ಗೇರ್‌ಗಳು. ಆದರೆ ಒಂದು ಚಕ್ರ ಪೂರ್ತಿ ನೆಲ ಬಿಟ್ಟು ಎದ್ದರೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ರ‍್ಯಾಲಿಯವರು ಪ್ಲೇಟಿನದ್ದೇ ನೋಡಲಿ.

ಕೆಲಸ ಸಣ್ಣದಲ್ಲ. ಗೇರ್‌ಬಾಕ್ಸ್ ಇಳಿಸಿ, ಕ್ರೌನ್ ವೀಲಿನ (ಡಿಫರೆನ್ಷಿಯಲ್‌ಗೆ ಕೂರಿಸಿರುವ ದೊಡ್ಡ ಗೇರ್) ರಿವೆಟ್‌ಗಳನ್ನು ಕೊರೆದು ತೆಗೆದು ಬೋಲ್ಟ್ ಹಾಕಬೇಕು. ಶಿವಮೊಗ್ಗದ ನಮ್ಮ ಮೆಕ್ಯಾನಿಕ್ ಒಂದೊಂದು ಬೋಲ್ಟನ್ನೂ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಿಡಿದೇ ಬಿಗಿದರು. ಹೇಗೂ ಬಿಚ್ಚಿರುತ್ತೀರಲ್ವಾ, ಬೇರಿಂಗೂ ಆಗಲೇ ಬದಲಿಸಿಬಿಡಿ.