ಮ್ಯಾಕ್‌ಬುಕ್ ಏರ್ 13 ಇಂಚೋ, 15 ಇಂಚೋ: ಎರಡು ವರ್ಷಕ್ಕೂ ಮೀರಿದ ಬಳಕೆಯ ಲೆಕ್ಕ

ಈ ಎರಡರ ನಡುವೆ ಆರಿಸುವಾಗ ವೇಗದ ಮಾತನ್ನು ಮೊದಲೇ ಬದಿಗಿಟ್ಟುಬಿಡಿ. ಆಪಲ್‌ನ ಎಂ2 ಚಿಪ್ ಇರುವ 13 ಇಂಚಿನ ಏರ್ 2022ರ ಜುಲೈನಲ್ಲಿ ಮಾರುಕಟ್ಟೆಗೆ ಬಂತು, 15 ಇಂಚಿನದು 2023ರ ಜೂನ್‌ನಲ್ಲಿ. ಅಲ್ಲಿಂದ ಮುಂದೆ ಎಂ3 (2024ರ ಮಾರ್ಚ್), ಎಂ4 (2025ರ ಮಾರ್ಚ್) ಎರಡೂ ಅಳತೆಯಲ್ಲಿ ಒಟ್ಟಿಗೇ ಬಂದವು. ಒಂದೇ ಪೀಳಿಗೆಯ 13 ಮತ್ತು 15ರಲ್ಲಿ ಚಿಪ್ ಒಂದೇ, ಕೀಬೋರ್ಡ್ ಒಂದೇ, ಪೋರ್ಟುಗಳೂ ಅವೇ. ತೀರಾ ಕಡಿಮೆ ಬೆಲೆಯ 13ರಲ್ಲಿ ಮಾತ್ರ ಗ್ರಾಫಿಕ್ಸ್ ಕೋರ್ ಎಂಟು, ಉಳಿದವುಗಳಲ್ಲಿ ಹತ್ತು. ಬರವಣಿಗೆ, ಬ್ರೌಸರ್, ಎಕ್ಸೆಲ್, ವಿಡಿಯೋ ಕರೆಯಂಥ ದಿನನಿತ್ಯದ ಕೆಲಸದಲ್ಲಿ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ದಿನದ ಹೆಚ್ಚು ಹೊತ್ತು ನೀವು ಕೂರುವ ಮೇಜಿನ ಮೇಲೆ ಬೇರೆ ಮಾನಿಟರ್ ಇದೆಯೇ? ಇದ್ದರೆ, ಅಥವಾ ಸದ್ಯದಲ್ಲೇ ತರುವವರಿದ್ದರೆ, 13 ತೆಗೆದುಕೊಳ್ಳಿ. ಲ್ಯಾಪ್‌ಟಾಪಿನ ಪರದೆಯೇ ನಿಮ್ಮ ಏಕೈಕ ಪರದೆಯಾದರೆ 15 ತೆಗೆದುಕೊಳ್ಳಿ. ಅಂಗಡಿಯಲ್ಲಿ ಹೆಚ್ಚಿನವರು ತೂಕದ ಮೇಲೆ ತೀರ್ಮಾನ ಮಾಡುತ್ತಾರೆ. ಎರಡನ್ನೂ ದೀರ್ಘಕಾಲ ಬಳಸಿ ನೋಡಿದರೆ, ತೂಕ ಇಲ್ಲಿ ತೀರಾ ಚಿಕ್ಕ ವಿಷಯ.

13ರ ತೂಕ 1.24 ಕೆ.ಜಿ., 15ರದು 1.51 ಕೆ.ಜಿ. ನಡುವಿನ 270 ಗ್ರಾಂ ಎಂದರೆ ಹೆಚ್ಚು ಕಡಿಮೆ ಕಾಲು ಲೀಟರ್ ನೀರು. ಬ್ಯಾಗಿನಲ್ಲಿ ನೀರಿನ ಬಾಟಲಿ, ಚಾರ್ಜರ್, ಊಟದ ಡಬ್ಬಿ ಸೇರಿದ ಮೇಲೆ ಅದು ಹೆಗಲಿಗೆ ಗೊತ್ತೇ ಆಗದು. ಗೊತ್ತಾಗುವುದು ಉದ್ದ ಅಗಲ. 13 ಇಂಚಿನದರ ಅಳತೆ 30.41 x 21.5 ಸೆಂ.ಮೀ., ಎ4 ಕಾಗದಕ್ಕಿಂತ ಒಂದೊಂದು ಕಡೆ ಅರ್ಧ ಸೆಂ.ಮೀ. ಆಸುಪಾಸು ದೊಡ್ಡದು, ಅಷ್ಟೇ. ಫೈಲು ಹಿಡಿಯುವ ಯಾವ ಚೀಲದಲ್ಲೂ ಅದು ಕೂರುತ್ತದೆ. 15ರದು 34.04 x 23.76 ಸೆಂ.ಮೀ. ಮಾಮೂಲಿ ಹೆಗಲ ಚೀಲಕ್ಕೆ ಇದು ದೊಡ್ಡದೇನಲ್ಲ, 15.6 ಇಂಚು ಎಂದು ಬರೆದಿರುವ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಸಲೀಸಾಗಿ ಹೋಗುತ್ತದೆ. ಆದರೆ ಅಡ್ಡ ಹಾಕಿಕೊಳ್ಳುವ ಸಣ್ಣ ಚೀಲ, ವಿಮಾನದ ಊಟದ ತಟ್ಟೆ ಇಡುವ ಹಲಗೆ, ಬಸ್ಸಿನ ಸೀಟು, ಇಲ್ಲೆಲ್ಲ ಆ ಮೂರೂವರೆ ಸೆಂ.ಮೀ. ಅಗಲ ಪಕ್ಕದವರ ಮೊಣಕೈಗೆ ತಗಲುತ್ತದೆ. ಮುಂದಿನ ಸೀಟಿನವರು ಹಿಂದಕ್ಕೆ ಒರಗಿದರಂತೂ 15ರ ಮುಚ್ಚಳವನ್ನು ಓದುವ ಕೋನಕ್ಕೆ ತೆರೆಯಲು ಜಾಗವೇ ಸಾಲದು.

ಕೊಳ್ಳುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಳೆಯ ರಟ್ಟಿನಲ್ಲಿ 34 x 24 ಸೆಂ.ಮೀ. ತುಂಡೊಂದನ್ನು ಕತ್ತರಿಸಿ, ನೀವು ದಿನವೂ ಒಯ್ಯುವ ಚೀಲದಲ್ಲಿ ವಾರವಿಡೀ ಇಟ್ಟುಕೊಂಡು ಓಡಾಡಿ. ಜಿಪ್ ಎಳೆಯುವಾಗ ರಟ್ಟಿನ ಮೂಲೆ ಮಡಚಿಕೊಂಡರೆ ನಾಳೆ ಲ್ಯಾಪ್‌ಟಾಪಿನ ಮೂಲೆಯ ಮೇಲೂ ಅದೇ ಒತ್ತಡ ಬೀಳುತ್ತದೆ ಎಂದು ತಿಳಿಯಿರಿ. ಮುಚ್ಚಳ ತೆಳ್ಳಗಿದೆ, ದೊಡ್ಡದಾದಷ್ಟೂ ಮಧ್ಯದಲ್ಲಿ ಬಾಗುವುದು ಹೆಚ್ಚು. ತುಂಬಿದ ಚೀಲದಲ್ಲಿ ಡಬ್ಬಿಯ ಅಂಚು ಮುಚ್ಚಳಕ್ಕೆ ಒತ್ತಿಕೊಂಡು ಕೂತರೆ ಕೀಗಳ ಎಣ್ಣೆಯ ಗುರುತು ಪರದೆಯ ಮೇಲೆ ಚೌಕ ಚೌಕವಾಗಿ ಮೂಡುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಆದರೆ ತಿಂಗಳುಗಟ್ಟಲೆ ಬಿಟ್ಟರೆ ಕಷ್ಟ. ಇನ್ನು, ಕ್ಯಾಮೆರಾ ಮುಚ್ಚಲು ಅಂಟಿಸುವ ಪ್ಲಾಸ್ಟಿಕ್ ಬಾಗಿಲುಗಳನ್ನು ಎರಡಕ್ಕೂ ಹಾಕಲೇಬೇಡಿ. ಮುಚ್ಚಿದಾಗ ಪರದೆಗೂ ಕೀಬೋರ್ಡಿಗೂ ನಡುವೆ ಇರುವ ಸಂದು ಅಷ್ಟು ಕಿರಿದು, ಆ ಚೂರೇ ಗಾಜನ್ನು ಒಡೆಯಬಲ್ಲದು.

ಈಗ ಪರದೆಯ ವಿಷಯ. ಇಲ್ಲೇ ಹೆಚ್ಚಿನವರು ಮೋಸಹೋಗುವುದು. ದೊಡ್ಡ ಪರದೆ ಎಂದರೆ ದೊಡ್ಡ ಅಕ್ಷರ ಎಂದುಕೊಂಡು 15 ತರುತ್ತಾರೆ. ಪೆಟ್ಟಿಗೆ ತೆರೆದಾಗ ಅಕ್ಷರ ಅಷ್ಟೇ ಇರುತ್ತದೆ, ಸೂಕ್ಷ್ಮವಾಗಿ ಅಳೆದರೆ ಒಂದು ಕೂದಲೆಳೆ ಚಿಕ್ಕದೇ. ಕಾರಣ ಹೀಗಿದೆ. 13ರಲ್ಲಿ 2560 x 1664 ಚುಕ್ಕೆಗಳು, 15ರಲ್ಲಿ 2880 x 1864. ಎರಡರ ಸಾಂದ್ರತೆಯೂ ಇಂಚಿಗೆ 224. ಕಂಪನಿಯಿಂದ ಬರುವಾಗ 13ರ ಪರದೆ 1470 ಚುಕ್ಕೆ ಅಗಲದ ಪರದೆಯ ಹಾಗೆ ವರ್ತಿಸುತ್ತದೆ, 15ರದು 1710 ಚುಕ್ಕೆ ಅಗಲದ ಪರದೆಯ ಹಾಗೆ. ಅಂದರೆ 15 ಕೊಡುವುದು ಹೆಚ್ಚು ಜಾಗವನ್ನು, ಅಕ್ಷರದ ದಪ್ಪವನ್ನಲ್ಲ.

ಆ ಜಾಗ ಏನು ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಗೂಗಲ್ ಡಾಕ್ಸ್‌ನಲ್ಲಿ ಎ4 ಪುಟ ನೂರು ಪ್ರತಿಶತದಲ್ಲಿ ಇದೇ ಲೆಕ್ಕದ ಸುಮಾರು 794 ಚುಕ್ಕೆ ಅಗಲ ತಿನ್ನುತ್ತದೆ. 13ರಲ್ಲಿ ಒಂದು ಪುಟ ಇಟ್ಟರೆ ಪಕ್ಕದಲ್ಲಿ ಉಳಿಯುವುದು 676. ಅಷ್ಟರಲ್ಲಿ ಹೆಚ್ಚಿನ ಜಾಲತಾಣಗಳು ಮೊಬೈಲಿನ ರೂಪಕ್ಕೆ ಕುಗ್ಗಿಬಿಡುತ್ತವೆ. 15ರಲ್ಲಿ 916 ಉಳಿಯುತ್ತದೆ, ಪಕ್ಕದ ಪುಟ ಪೂರ್ತಿಯಾಗಿ ಓದಲು ಬರುತ್ತದೆ. ಎರಡು ಎ4 ಪುಟಗಳನ್ನು ಅಕ್ಕಪಕ್ಕ ಇಟ್ಟರೂ ಹಿಡಿಯುತ್ತದೆ. ಕರಡು ತಿದ್ದುವವರು, ಅನುವಾದಕರು, ಒಂದು ಕಡೆ ಮೂಲ ಇಟ್ಟುಕೊಂಡು ಇನ್ನೊಂದು ಕಡೆ ಟೈಪು ಮಾಡುವವರು, ಲೆಕ್ಕಪತ್ರ ತಾಳೆ ನೋಡುವವರು, ಇವರಿಗೆಲ್ಲ ಈ ಒಂದೇ ಕಾರಣಕ್ಕೆ 15 ಸಾರ್ಥಕ.

13ರಲ್ಲೂ ಅದೇ 1710 ಅಗಲ ತರಬಹುದಲ್ಲ? ಬರುತ್ತದೆ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಸ್ ತೆರೆದು ಮೋರ್ ಸ್ಪೇಸ್ ಆರಿಸಿದರೆ ಸಾಕು. ಅಕ್ಷರ ಶೇ. 14ರಷ್ಟು ಕುಗ್ಗುತ್ತದೆ. ಇಂಗ್ಲಿಷ್ ಓದುವವರು ಹೇಗೋ ನಿಭಾಯಿಸುತ್ತಾರೆ, ಕನ್ನಡದಲ್ಲಿ ಕಣ್ಣಿಗೆ ಶ್ರಮ. ಇಂಗ್ಲಿಷಿನ ಒಂದು ಸಾಲಿನ ಎತ್ತರದಲ್ಲಿ ನಮ್ಮ ಲಿಪಿ ಮೂಲ ಅಕ್ಷರ, ಮೇಲಿನ ಗುಣಿತ, ಕೆಳಗಿನ ಒತ್ತು ಮೂರನ್ನೂ ಹಿಡಿಸಬೇಕು. 'ರಾಷ್ಟ್ರ' ಎಂಬ ಪದವನ್ನೇ ನೋಡಿ: ಷಕಾರದ ಅಡಿಯಲ್ಲಿ ಟ ಒತ್ತು, ಅದಕ್ಕೆ ಅಂಟಿಕೊಂಡು ರ ಒತ್ತು. 13ರ ಮೋರ್ ಸ್ಪೇಸ್‌ನಲ್ಲಿ ಆ ಎರಡು ಒತ್ತುಗಳು ಕೂಡಿ ಒಂದು ಕಪ್ಪು ಚುಕ್ಕೆಯ ಹಾಗೆ ತೋರುತ್ತವೆ. ದ ಮತ್ತು ಧ, ಬ ಮತ್ತು ಭ ಇವುಗಳ ನಡುವಿನ ಅಂತರ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಓದುಗ ಪದದ ಅಂದಾಜಿನ ಮೇಲೆ ದಾಟಿಹೋಗುತ್ತಾನೆ. ಕರಡು ತಿದ್ದುವವರಿಗೆ ಅದೇ ತಪ್ಪಾಗುವ ಜಾಗ.

ಕಣ್ಣಿಗೆ ದೊಡ್ಡ ಅಕ್ಷರವೇ ಬೇಕು ಎನ್ನುವವರು, ವಿಶೇಷವಾಗಿ ಚಾಳೀಸು ಬಂದವರು, 15 ತಂದು ಅದನ್ನು 1440 ಅಗಲಕ್ಕೆ ಇಳಿಸಿಕೊಳ್ಳಿ. ಆಗ ಅಕ್ಷರ ಶೇ. 19ರಷ್ಟು ದಪ್ಪವಾಗುತ್ತದೆ, ಜಾಗ ಮಾತ್ರ 13ರಷ್ಟೇ ಉಳಿಯುತ್ತದೆ. ಮನೆಯ ಹಿರಿಯರಿಗೆ ಕೊಡಿಸುವುದಾದರೆ ಇದೇ ಸರಿಯಾದ ದಾರಿ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಈ ಮೂರೂ ಹಂತಗಳನ್ನು ಬದಲಾಯಿಸಿ, ಕನ್ನಡ ಪತ್ರಿಕೆಯೊಂದರ ಜಾಲತಾಣ ತೆರೆದು, ಮನೆಯಲ್ಲಿ ಕೂರುವಷ್ಟೇ ದೂರದಿಂದ ಎರಡು ಪ್ಯಾರಾ ಓದಿಸಿ ನೋಡಿ. ನಿಂತುಕೊಂಡು ಬಗ್ಗಿ ನೋಡಿದರೆ ಏನೂ ತಿಳಿಯುವುದಿಲ್ಲ.

ಬ್ಯಾಟರಿಯಲ್ಲಿ 13ರದು ಎಂ2, ಎಂ3ರಲ್ಲಿ 52.6 ವ್ಯಾಟ್-ಅವರ್, ಎಂ4ರಲ್ಲಿ 53.8; 15ರದು 66.5. ದೊಡ್ಡದು ಹೆಚ್ಚು ಹೊತ್ತು ಬರಬೇಕಲ್ಲ ಎಂಬ ಪ್ರಶ್ನೆ ಸಹಜ. ಕಂಪನಿ ಎರಡಕ್ಕೂ ಹೇಳುವುದು ವಿಡಿಯೋಗೆ 18 ಗಂಟೆ, ವೆಬ್‌ಗೆ 15 ಗಂಟೆ. ಲೆಕ್ಕ ಹಾಕಿದರೆ ಗುಟ್ಟು ತಿಳಿಯುತ್ತದೆ: ಪರದೆಯ ವಿಸ್ತೀರ್ಣ ಸುಮಾರು ಶೇ. 26 ಹೆಚ್ಚು, ಬ್ಯಾಟರಿಯೂ ಹೆಚ್ಚು ಕಡಿಮೆ ಅಷ್ಟೇ ಹೆಚ್ಚು. ಒಂದು ಕೊಟ್ಟದ್ದನ್ನು ಇನ್ನೊಂದು ತಿಂದುಹಾಕುತ್ತದೆ. ಬಿಸಿಲಿನ ಬೆಳಕಿನಲ್ಲಿ ಪರದೆಯನ್ನು ಪೂರ್ತಿ ಹೊಳಪಿಗೆ ಏರಿಸಿ ಕೂತರೆ ಎರಡೂ ಸಮ. ಕೋಣೆಯೊಳಗೆ ಹೊಳಪನ್ನು ಮೂರನೇ ಒಂದಕ್ಕೆ ಇಳಿಸಿದಾಗ ಪರದೆಯ ಪಾಲು ಕಡಿಮೆಯಾಗಿ, ಚಿಪ್ಪಿನ ಪಾಲೇ ಮುಖ್ಯವಾಗುತ್ತದೆ. ಚಿಪ್ ಎರಡರಲ್ಲೂ ಒಂದೇ ಆದ್ದರಿಂದ ಆಗ 15 ಹೆಚ್ಚು ಬಾಳುತ್ತದೆ. ಮಧ್ಯಾಹ್ನ ಕರೆಂಟು ಹೋದರೆ ಸಂಜೆಯವರೆಗೆ ಬಾರದ ಊರಿನಲ್ಲಿ ಇದು ಗಣನೆಗೆ ತೆಗೆದುಕೊಳ್ಳಬೇಕಾದ ಮಾತು.

ಬಿಸಿಯ ಬಗ್ಗೆಯೂ ಹೇಳಲೇಬೇಕು. ಎರಡರಲ್ಲೂ ಫ್ಯಾನ್ ಇಲ್ಲ. ಶಬ್ದವಿಲ್ಲ, ದೂಳು ಹೀರುವ ಕಿಂಡಿಯಿಲ್ಲ, ಅದು ನಮ್ಮ ಊರುಗಳಿಗೆ ದೊಡ್ಡ ಅನುಕೂಲ. ಆದರೆ ಉದ್ದನೆಯ ವಿಡಿಯೋ ಎಕ್ಸ್‌ಪೋರ್ಟ್ ಅಥವಾ ದೊಡ್ಡ ಕೋಡ್ ಕಂಪೈಲ್ ಕೆಲವು ನಿಮಿಷ ದಾಟಿದ ಮೇಲೆ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. 15ರ ಮೈ ದೊಡ್ಡದಿರುವುದರಿಂದ ತುಸು ತಡವಾಗಿ ತಗ್ಗುತ್ತದೆ, ಅದಕ್ಕಾಗಿಯೇ ದುಡ್ಡು ಕೊಡುವಷ್ಟಲ್ಲ. ಸುತ್ತಲಿನ ಗಾಳಿ 35 ಡಿಗ್ರಿಯವರೆಗೆ ಇದ್ದರೆ ಬಳಸಬಹುದು ಎಂದು ಆಪಲ್ ಹೇಳುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಿಗೆ ಆ ಮಿತಿ ಸಾಲದು. ಅಲ್ಲಿ ಹಾಸಿಗೆ, ದಿಂಬಿನ ಮೇಲೆ ಇಟ್ಟುಕೊಂಡು ಚಾರ್ಜ್ ಮಾಡುತ್ತಾ ಕೆಲಸ ಮಾಡುವುದನ್ನು ಬಿಡಿ. ಬಿಸಿಗೆ ಮೊದಲು ಸವೆಯುವುದು ಬ್ಯಾಟರಿ. ಮರದ ಮೇಜು ಸಾಕು, ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಒಳ್ಳೆಯದು.

ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ಬಳಸುವವರಿಗೆ 15 ಹೆಚ್ಚು ಹೊಂದುತ್ತದೆ, ಎರಡೂ ಮೊಣಕಾಲಿಗೆ ಆನಿಕೊಂಡು ನಿಲ್ಲುತ್ತದೆ. 13 ತೊಡೆಗಳ ನಡುವೆ ಜಾರುತ್ತದೆ. ಕೀಬೋರ್ಡ್ ಎರಡರಲ್ಲೂ ಒಂದೇ ಅಳತೆ, 15ರಲ್ಲಿ ನಂಬರ್ ಪ್ಯಾಡ್ ಇಲ್ಲ. ಟ್ರ್ಯಾಕ್‌ಪ್ಯಾಡ್ ಮಾತ್ರ ದೊಡ್ಡದು. ಸ್ಪೀಕರ್ 13ರಲ್ಲಿ ನಾಲ್ಕು, 15ರಲ್ಲಿ ಆರು. ಮೃದಂಗದ ಎಡಗಡೆಯ ಗುಮ್ಮೆನ್ನುವ ನಾದ 15ರಲ್ಲಿ ಕೇಳುತ್ತದೆ, 13ರಲ್ಲಿ ಬಹುಪಾಲು ಮಾಯ.

ಲೋಹದ ಅಂಚಿನ ಮೇಲೆ ಅಂಗೈ ಇಟ್ಟಾಗ ಜುಮ್ಮೆನ್ನುವ ಅನುಭವದ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಯಂತ್ರದ ದೋಷವಲ್ಲ. ಎರಡು ಪಿನ್ನಿನ ಚಾರ್ಜರಿಗೆ ಅರ್ತಿಂಗ್ ಇರುವುದಿಲ್ಲ, ಒಳಗಿನ ಕೆಪಾಸಿಟರ್ ಮೂಲಕ ಅತಿ ಸಣ್ಣ ಪ್ರಮಾಣದ ಕರೆಂಟು ಲೋಹದ ಮೈಗೆ ಬರುತ್ತದೆ. ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ನಿಂತಿದ್ದರೆ ಚೆನ್ನಾಗಿ ಗೊತ್ತಾಗುತ್ತದೆ. ಚಾರ್ಜರ್ ತೆಗೆದರೆ ನಿಲ್ಲುತ್ತದೆ. ಅರ್ತ್ ಸರಿಯಾಗಿರುವ ಸಾಕೆಟ್ಟಿನಲ್ಲಿ ಮೂರು ಪಿನ್ನಿನ, ಅರ್ತ್ ಇರುವ ಚಾರ್ಜರ್ ಬಳಸಿದರೂ ನಿಲ್ಲುತ್ತದೆ. ಮೂರು ಪಿನ್ ಹಾಕಿದ ಮೇಲೂ ಜುಮ್ಮೆಂದರೆ ಮನೆಯ ಅರ್ತಿಂಗನ್ನು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಚಾರ್ಜಿಂಗ್ ಕಿಂಡಿ ಮತ್ತು ಎರಡೂ ಯುಎಸ್‌ಬಿ-ಸಿ ಪೋರ್ಟುಗಳು ಎಡಗಡೆಯೇ ಇವೆ ಎಂಬುದನ್ನೂ ನೆನಪಿಡಿ. ಸಾಕೆಟ್ ಬಲಕ್ಕಿದ್ದರೆ ವೈರು ಹಿಂದಿನಿಂದ ಸುತ್ತಿ ಬರಬೇಕು.

ದುಡ್ಡಿನ ಲೆಕ್ಕ ಹೀಗಿದೆ. ಭಾರತದಲ್ಲಿ ಎಂ3 ಬಂದಾಗ 13ರ ಆರಂಭಿಕ ಬೆಲೆ 1,14,900 ರೂಪಾಯಿ, 15ರದು 1,34,900. ಎಂ4 ಬಂದಾಗ 99,900 ಮತ್ತು 1,24,900. ಅಂದರೆ ಇಪ್ಪತ್ತರಿಂದ ಇಪ್ಪತ್ತೈದು ಸಾವಿರದ ಅಂತರ. ಆ ಹಣದ ಆಸುಪಾಸಿನಲ್ಲಿ 27 ಇಂಚಿನ 4ಕೆ ಮಾನಿಟರ್ ಬರುತ್ತದೆ. ಮೇಜಿನ ಮುಂದೆ ಆರು ಗಂಟೆ ಕೂರುವವರಿಗೆ 13 ಮತ್ತು ಮಾನಿಟರ್ ಜೋಡಿಯ ಮುಂದೆ 15 ಒಂದೇ ನಿಲ್ಲಲಾರದು.

ಆದರೆ ಮಾನಿಟರ್ ಆರಿಸುವಾಗ ಎಚ್ಚರ. 24 ಇಂಚಿನ ಮಾಮೂಲಿ 1080ಪಿ ಮಾನಿಟರ್ ತಂದು ಜೋಡಿಸಿದರೆ ಕನ್ನಡ ಅಕ್ಷರಗಳು ಮಸುಕಾಗಿ, ಅಂಚು ಹರಿದಂತೆ ಕಾಣುತ್ತವೆ. ಕಡಿಮೆ ಸಾಂದ್ರತೆಯ ಪರದೆಯಲ್ಲಿ ಅಕ್ಷರದ ಅಂಚು ತಿದ್ದುತ್ತಿದ್ದ ವಿಧಾನವನ್ನು ಆಪಲ್ 2018ರ ಮ್ಯಾಕ್‌ಓಎಸ್ ಮೊಹಾವೆ ಆವೃತ್ತಿಯಲ್ಲಿ ಕೈಬಿಟ್ಟಿತು. ವಿಂಡೋಸ್‌ನಲ್ಲಿ ಚೆನ್ನಾಗಿ ಕಾಣುವ ಅದೇ ಮಾನಿಟರ್ ಇಲ್ಲಿ ಕೆಟ್ಟದಾಗಿ ಕಾಣುವುದು ಅದಕ್ಕೇ. 4ಕೆ ಮಾನಿಟರನ್ನೇ ತನ್ನಿ, ಜೋಡಿಸಿದ ಮೇಲೆ 2560 x 1440 ಆಯ್ಕೆ ಮಾಡಿಕೊಳ್ಳಿ. ಅಗ್ಗದ ಎಚ್‌ಡಿಎಂಐ ಡಾಂಗಲ್‌ಗಳಲ್ಲಿ ಹಲವು 4ಕೆಯನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳಿಸುತ್ತವೆ, ಮೌಸ್ ಬಾಣ ಎಳೆದೆಳೆದು ಓಡುತ್ತದೆ. ಪೆಟ್ಟಿಗೆಯ ಮೇಲೆ 4ಕೆ 60 ಹರ್ಟ್ಸ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಿರಿ. ಮೊಬೈಲಿನ ಜೊತೆ ಬಂದ ಯುಎಸ್‌ಬಿ-ಸಿ ಕೇಬಲ್ಲುಗಳಲ್ಲಿ ಹೆಚ್ಚಿನವು ಚಾರ್ಜಿಗೆ ಮತ್ತು ನಿಧಾನವಾಗಿ ಫೈಲು ಕಳಿಸುವುದಕ್ಕೆ ಮಾತ್ರ, ಮಾನಿಟರಿಗೆ ಚಿತ್ರ ದಾಟಿಸುವುದಿಲ್ಲ. ಎರಡು ಮಾನಿಟರ್ ಬೇಕೆನ್ನುವವರಿಗೆ ಎಂ2 ಬೇಡ, ಅದು ಒಂದನ್ನೇ ನಡೆಸುತ್ತದೆ. ಎಂ3 ಮುಚ್ಚಳ ಮುಚ್ಚಿದಾಗ ಎರಡನ್ನು ನಡೆಸುತ್ತದೆ, ಎಂ4 ಮುಚ್ಚಳ ತೆರೆದಿದ್ದರೂ ಎರಡನ್ನು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಅಳತೆಗಿಂತ ಮೊದಲು ಮೆಮೊರಿ ನೋಡಿ. 2024ರ ಅಕ್ಟೋಬರಿನವರೆಗೆ ಆರಂಭಿಕ ಮಾದರಿಗಳೆಲ್ಲ 8 ಜಿಬಿಯವು, ಆಮೇಲೆ 16 ಆಯಿತು. ಮೆಮೊರಿ, ಸ್ಟೋರೇಜ್ ಎರಡೂ ಬೋರ್ಡಿಗೇ ಬೆಸೆದಿರುತ್ತವೆ, ಆಮೇಲೆ ಏರಿಸಲಾಗದು. ಎಂ2ರ 256 ಜಿಬಿ ಮಾದರಿಯಲ್ಲಿ ಒಂದೇ ಸ್ಟೋರೇಜ್ ಚಿಪ್ ಇರುವುದರಿಂದ ಅದರ ಓದುವ ವೇಗ 512ರ ಅರ್ಧದಷ್ಟು. 8 ಜಿಬಿ ತುಂಬಿ ಮೆಮೊರಿಯ ಕೆಲಸ ಸ್ಟೋರೇಜಿಗೆ ಬಿದ್ದಾಗ ಇದು ಎದ್ದು ಕಾಣುತ್ತದೆ. 8 ಜಿಬಿಯ 15ಕ್ಕಿಂತ 16 ಜಿಬಿಯ 13 ಯಾವತ್ತೂ ಮೇಲು. ಹಣ ಕೊಡುವ ಮುನ್ನ ಸಿಸ್ಟಂ ರಿಪೋರ್ಟ್ ತೆರೆದು ಪವರ್ ವಿಭಾಗದಲ್ಲಿ ಸೈಕಲ್ ಕೌಂಟ್, ಅಂದರೆ ಬ್ಯಾಟರಿ ಪೂರ್ತಿ ಖರ್ಚಾಗುವಷ್ಟು ಬಳಕೆ ಎಷ್ಟು ಸಲ ಆಗಿದೆ ಎಂಬ ಲೆಕ್ಕ, ನೋಡಿ. ಬ್ಯಾಟರಿಯ ಮಿತಿ 1000 ಸೈಕಲ್, ಗರಿಷ್ಠ ಸಾಮರ್ಥ್ಯ ಶೇ. 80ಕ್ಕಿಂತ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮಾರುವವರ ಎದುರೇ ಯಂತ್ರವನ್ನು ಪೂರ್ತಿ ಅಳಿಸಿ, ಮತ್ತೆ ಶುರು ಮಾಡಿಸಿ, ಹಳೆಯ ಆಪಲ್ ಖಾತೆಯ ಪಾಸ್‌ವರ್ಡ್ ಕೇಳದೆ ಸ್ವಾಗತದ ಪರದೆ ಬಂದ ಮೇಲಷ್ಟೇ ಹಣ ಕೊಡಿ.